ಎದೆ ವ್ಯಾನಿನ ಬೀರಪ್ಪ

ಯುಗಾದಿ ಕಳೆದ ಮೇಲೆ ಕಡೂರಿನ ಬಿಸಿಲಿಗೆ ನಾಯಿ ಕೂಡ ಚರಂಡಿ ಬಿಟ್ಟು ಏಳುವುದಿಲ್ಲ. ಅಂಥ ಬಿಸಿಲಿನಲ್ಲಿ ನಮ್ಮ ಮನೆಯವರು ತುಂಬು ತೋಳಿನ ಉಣ್ಣೆ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು. ಕಂದು ಬಣ್ಣದ್ದು. ಮೊಣಕೈಯ ಹತ್ತಿರ ಹರಿದ ಕಡೆ ನಾನೇ ಬೇರೆ ನೂಲಿನಲ್ಲಿ ಹೆಣೆದು ಮುಚ್ಚಿದ್ದೆ. ಅದನ್ನು ತೊಟ್ಟುಕೊಂಡು ಯಾವುದೋ ಊರಿನ ಯಾವುದೋ ಮನೆಯ ಎದುರು, ರಸ್ತೆಯ ಆಚೆ ಬದಿಯಲ್ಲಿ, ಕೈ ಕಟ್ಟಿ ನಿಲ್ಲುತ್ತಿದ್ದರು. ಒಳಗೆ ಹೋಗುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ಆ ಮನೆಯ ಹೆಂಗಸು ಮುಸುರೆ ಚೆಲ್ಲುವುದಕ್ಕೋ ಕೋಳಿ ಅಟ್ಟುವುದಕ್ಕೋ ಹೊರಗೆ ಬರುವ ತನಕ ನಿಂತಿದ್ದು, ಅವಳು ಬಂದದ್ದನ್ನು ಕಣ್ಣಾರೆ ಕಂಡು, ಒಂದು ಮಾತೂ ಆಡದೆ ಹೊರಟುಬಿಡುತ್ತಿದ್ದರು. ಯಾರೂ ಹೊರಗೆ ಬಾರದ ಮನೆಗಳೂ ಇದ್ದವು. ಅಲ್ಲಿ ತುಂಬ ಹೊತ್ತು ನಿಲ್ಲುತ್ತಿದ್ದರು.

ಜನ ಹೆದರಿದರು. ಹೆದರದೆ ಏನು ಮಾಡುತ್ತಾರೆ? ಬೆವರು ಸುರಿಯುವ ಮಧ್ಯಾಹ್ನದಲ್ಲಿ ಚಳಿಗಾಲದ ಬಟ್ಟೆ ತೊಟ್ಟು ಮಾತಿಲ್ಲದೆ ನಿಂತವನನ್ನು ಯಾರು ತಾನೇ ನೆಂಟ ಎಂದುಕೊಳ್ಳುತ್ತಾರೆ? ತರೀಕೆರೆಯ ಕಡೆ ಒಬ್ಬಳು, "ಬೀರಪ್ಪ ನಿಂತ ಮನೆಯಾಗೆ ಹೆಣ ಏಳ್ತೈತೆ" ಎಂದು ಬಸ್ಸಿನಲ್ಲಿ ನನ್ನ ಪಕ್ಕವೇ ಕುಳಿತು ಹೇಳಿದಳು. ನಾನು ಅವನ ಹೆಂಡತಿ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಜನ ಹೇಳುವ ಬೀರಪ್ಪ ಬೇರೆ, ನಾನು ಮುದ್ದೆ ಬಡಿಸಿದ ಬೀರಪ್ಪ ಬೇರೆ.

ಅವರು ಒಂದು ಟ್ರಸ್ಟಿನವರ ವ್ಯಾನು ಓಡಿಸುತ್ತಿದ್ದರು. ಹೆಂಗಸರ ಎದೆಯ ಫೋಟೋ ತೆಗೆಯುವ ಮಿಷಿನ್ನು ಅದರೊಳಗೆ ಇತ್ತು. ಕೈಗೆ ಸಿಗದಷ್ಟು ಸಣ್ಣದಿರುವಾಗಲೇ ಕ್ಯಾನ್ಸರು ಅದರಲ್ಲಿ ಕಾಣುತ್ತದೆ. ಮ್ಯಾಮೊಗ್ರಾಮ್ ಎಂದು ವ್ಯಾನಿನ ಮೈಮೇಲೆ ದೊಡ್ಡದಾಗಿ ಬರೆದಿತ್ತು. ಆ ಹೆಸರು ಯಾರ ನಾಲಿಗೆಗೂ ಒಗ್ಗಲಿಲ್ಲ, ಎದೆ ವ್ಯಾನು ಎಂದರು. ನಮ್ಮ ಮನೆಯವರು ಎದೆ ವ್ಯಾನಿನ ಬೀರಪ್ಪ ಆದರು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕು ಅವರ ಪಾಲಿನದು. ಮಿಷಿನ್ನು ಬಿಸಿಯಾದರೆ ಕೆಡುತ್ತದೆ ಎಂದು ವ್ಯಾನಿನ ಒಳಗೆ ಸದಾ ಕೊರೆಯುವ ತಣ್ಣಗೆ ಇಟ್ಟಿರುತ್ತಿದ್ದರು. ಆ ಸ್ವೆಟರಿನ ಗುಟ್ಟು ಇಷ್ಟೇ. ಆದರೆ ಸಂಜೆ ಮನೆಗೆ ಬಂದು ಬಚ್ಚಲಲ್ಲಿ ಬಿಸಿನೀರು ಹುಯ್ದುಕೊಂಡ ಮೇಲೂ ಅವರ ಕೈ ತಣ್ಣಗೇ ಇರುತ್ತಿತ್ತು. ಅದರ ಗುಟ್ಟು ನನಗೆ ಗೊತ್ತಿಲ್ಲ.

ಅವರ ನಡಿಗೆಗೆ ಸದ್ದಿರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕನ ಹಿಂದೆ, ಜಾಲಿಮುಳ್ಳಿನ ದಾರಿಯಲ್ಲಿ, ಬರಿಗಾಲಿನಲ್ಲಿ, ಅವಳು ತುಳಿದ ಜಾಗದಲ್ಲಿ ಮುಳ್ಳಿರುವುದಿಲ್ಲ ಎಂಬ ಒಂದೇ ನಂಬಿಕೆಯಿಂದ ಅವಳ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆದು ಬೆಳೆದವರು. ದೊಡ್ಡವರಾದ ಮೇಲೂ ಹಾಗೆಯೇ, ಮುಂದೆ ಯಾರೋ ಹೋಗುತ್ತಿದ್ದಾರೆ ಎನ್ನುವಂತೆ ನೆಲ ನೋಡಿಕೊಂಡು ಮುಂಗಾಲಿನಲ್ಲಿ ನಡೆಯುತ್ತಿದ್ದರು. ನಾನು ಒಲೆಯ ಮುಂದೆ ಇರುವಾಗ ಬೆನ್ನ ಹಿಂದೆ ಬಂದು ನಿಂತಿರುತ್ತಿದ್ದರು. ತಿರುಗಿದರೆ ಎದೆ ಧಸಕ್ಕೆನ್ನುತ್ತಿತ್ತು.

"ಕೆಮ್ಮಬಾರ್ದೇನ್ರೀ?"

"ಬಂದಿದ್ದು ಗೊತ್ತಾಗ್ಲಿಲ್ವಾ?" ಎಂದು ಅವರೇ ಆಶ್ಚರ್ಯಪಡುತ್ತಿದ್ದರು.

ಇನ್ನೊಂದು ಅಭ್ಯಾಸವನ್ನು ವ್ಯಾನು ಕಲಿಸಿತು. ಮಿಷಿನ್ನಿನ ಕೋಣೆಗೂ ಡ್ರೈವರ್ ಸೀಟಿಗೂ ನಡುವೆ ಒಂದು ತಗಡಿನ ಗೋಡೆ. ಅದರ ಆಚೆ, ಫೋಟೋ ತೆಗೆಯುವ ತ್ರಿವೇಣಿ ಎಂಬ ಹುಡುಗಿ ಬಂದ ಪ್ರತಿಯೊಬ್ಬ ಹೆಂಗಸಿಗೂ, "ಅಮ್ಮಾ, ಉಸಿರು ಹಿಡ್ಕಳಿ" ಅನ್ನುತ್ತಿದ್ದಳು. ಗುಂಯ್ ಎಂದು ಒಂದು ಸದ್ದು. ಆಮೇಲೆ, "ಹ್ಞಾಂ, ಬಿಡಿ." ಗೋಡೆಯ ಈಚೆ ಕುಳಿತ ಇವರೂ ಉಸಿರು ಹಿಡಿಯುತ್ತಿದ್ದರಂತೆ, ಅವಳು ಬಿಡಿ ಅಂದ ಮೇಲೆ ಬಿಡುತ್ತಿದ್ದರಂತೆ. ಅದು ಮನೆಗೂ ಬಂತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದವರು, ತುತ್ತು ಕೈಯಲ್ಲಿರುವಂತೆಯೇ, ಗೋಡೆ ನೋಡುತ್ತ ನಿಂತುಹೋಗುತ್ತಿದ್ದರು. ಎದೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ನಾನು ಸೌಟು ಹಿಡಿದು ಕಾಯುತ್ತಿದ್ದೆ. ಯಾರೋ ಬಿಡಿ ಎಂದಂತೆ ಉಸಿರು ಬಿಟ್ಟು ತುತ್ತು ನುಂಗುತ್ತಿದ್ದರು. ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕುಳಿತಿದ್ದಾಗ ಉಸಿರು ಹಿಡಿದರು. ಬಿಡುತ್ತಾರೆ ಎಂದು ಕಾದೆ. ಕಾಫಿಯ ಮೇಲೆ ಕೆನೆ ಕಟ್ಟಿತು. ಹಾಗೆ ಹೋದರು.

ಲಾರಿ ಬಿಟ್ಟು ಈ ವ್ಯಾನಿಗೆ ಬಂದದ್ದಕ್ಕೆ ಕಾರಣ ಅವರ ಅಕ್ಕ ಉಚ್ಚಂಗಮ್ಮ. ನನಗೆ ಅತ್ತಿಗೆಯಾಗಬೇಕು, ನಾನೂ ಅಕ್ಕ ಎಂದೇ ಕರೆಯುವುದು. ಅಜ್ಜಂಪುರದ ಆಚೆ ಕಲ್ಲುಬಾವಿ ಅವರ ಹುಟ್ಟಿದೂರು. ಅವರ ತಾಯಿ ಎದೆಯ ಹುಣ್ಣಿನಲ್ಲಿ ಸತ್ತವಳು. ವಾಸನೆ ತಡೆಯಲಾರದೆ ಅವಳನ್ನು ಕೊಟ್ಟಿಗೆಯಲ್ಲಿ ಮಲಗಿಸಿದ್ದರಂತೆ. ಬೇವಿನ ಸೊಪ್ಪು ಅರೆದು ಹಚ್ಚುತ್ತಿದ್ದವಳು ಅಕ್ಕ, ಆಗಿನ್ನೂ ಲಂಗದ ಹುಡುಗಿ. ತಾಯಿ ಹೋದ ಮೇಲೆ ತಮ್ಮನಿಗೆ ಅನ್ನ ಹಾಕಿದವಳೂ ಅವಳೇ. ಆ ಊರಿನಲ್ಲೇ ಸೋದರಮಾವನ ಮಗನನ್ನು ಕಟ್ಟಿಕೊಂಡು ಅಲ್ಲೇ ಉಳಿದಳು. ಎದೆ ವ್ಯಾನು ಬರುತ್ತದೆ, ಐವತ್ತು ತುಂಬಿದ ಹೆಂಗಸರನ್ನು ನೋಡುತ್ತದೆ ಎಂದು ಕೇಳಿದಾಗ ಅಕ್ಕನಿಗೆ ಐವತ್ತು ತುಂಬಿತ್ತು. ತಾಯಿಗೆ ಬಂದದ್ದು ಅವಳಿಗೂ ಬಂದಿದ್ದರೆ ಹುಣ್ಣಾಗುವ ಮೊದಲು ಕಾಣಬೇಕು, ಅವಳನ್ನು ಒಂದು ಸಲ ಹತ್ತಿಸಬೇಕು. ಇದೊಂದಕ್ಕೇ ಅವರು ಡ್ರೈವರ್ ಆದದ್ದು. ಉಳಿದ ಹೆಂಗಸರೆಲ್ಲ ಆಮೇಲೆ ಅವರ ತಲೆಗೆ ಬಂದವರು.

ಅಕ್ಕ ಹತ್ತಲಿಲ್ಲ. ಮೊದಲ ಸಲ ಈರುಳ್ಳಿ ಕೊಯ್ಲು ಮುಗಿಯಲಿ ಅಂದಳು. ಎರಡನೆಯ ಸಲಕ್ಕೆ ಊರೇ ಬದಲಾಗಿತ್ತು.

ಆಗಿದ್ದಿಷ್ಟು. ಮೊದಲ ಸಲ ವ್ಯಾನು ಹತ್ತಿದ ಕಲ್ಲುಬಾವಿಯವರಲ್ಲಿ ಮೂವರಿಗೆ ಇದೆ ಎಂದು ಬಂತು. ಅಷ್ಟು ಸಣ್ಣ ಊರಿಗೆ ಮೂವರು ಹೆಚ್ಚು. ಮೂವರಿಗೂ ಐವತ್ತು ದಾಟಿತ್ತು. ಅವರಲ್ಲಿ ಪುಟ್ಟಲಕ್ಷ್ಮಿ ಎಂಬಾಕೆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಹಂಡೆಯಷ್ಟು ಸಾರನ್ನು ಒಬ್ಬಳೇ ಇಳಿಸುತ್ತಿದ್ದ ಗಟ್ಟಿ ಹೆಂಗಸು, ಎಲ್ಲೂ ನೋವಿಲ್ಲ, ನಗುತ್ತಲೇ ಹತ್ತಿ ನಗುತ್ತಲೇ ಇಳಿದವಳು. ವರ್ಷ ತುಂಬುವಷ್ಟರಲ್ಲಿ ಕೂದಲು ಹೋಯಿತು, ಆಮೇಲೆ ಅವಳೂ ಹೋದಳು. ಊರಿನ ಯಜಮಾನ ಈರಭದ್ರಪ್ಪ ಅರಳಿಕಟ್ಟೆಯ ಮೇಲೆ ನಮ್ಮ ಮನೆಯವರನ್ನು ನಿಲ್ಲಿಸಿಕೊಂಡು ಕೇಳಿದನಂತೆ.

"ಹಿಂದೆ ಈ ಊರಾಗೆ ಯಾರಿಗಿತ್ತು ಹೇಳೋ ಇದು?"

"ನಮ್ಮವ್ವಂಗಿತ್ತು."

"ಅದು ಹುಣ್ಣು ಕಣೋ. ನಾನು ಕೇಳ್ತಿರೋದು ಇದು."

"ಅದೇ ಇದು, ಯಜಮಾನ್ರೇ."

"ನೋಡು ಬೀರಪ್ಪ. ನಲವತ್ತರೋಳಿಗೆ ಬರ್ಲಿಲ್ಲ, ಎಂಬತ್ತರ ಮುದುಕಿಗೆ ಬರ್ಲಿಲ್ಲ. ಐವತ್ತು ತುಂಬಿದೋಳ ಬಾಗ್ಲೇ ಹುಡುಕ್ಕಂಡು ಬಂತು. ರೋಗಕ್ಕೆ ಎಲ್ಲಾದ್ರೂ ವಯಸ್ಸು ಗೊತ್ತಾಯ್ತದಾ? ಇದಕ್ಕೆ ಗೊತ್ತೈತೆ."

ಅದಾದ ಮೇಲೆ ಕಲ್ಲುಬಾವಿಯಲ್ಲಿ ಐವತ್ತು ವರ್ಷದ ಹೆಂಗಸೇ ಇಲ್ಲವಾದಳು. ಎರಡನೆಯ ಸಲ ಹೋದಾಗ ತ್ರಿವೇಣಿ ಒಬ್ಬಳನ್ನು ಕೇಳಿದಳು, "ವಯಸ್ಸೆಷ್ಟಮ್ಮ?"

"ನಲವತ್ತೆಂಟು ಕಣವ್ವ."

"ಆಧಾರ್‌ನಾಗೆ ಅರವತ್ತೈದು ಐತಲ್ಲಮ್ಮ?"

"ಅದು ಪಿಂಚಣಿ ವಯಸ್ಸು."

ನಮ್ಮ ಮನೆಯವರು ಮನೆಗೆ ಬಂದು ಇದನ್ನು ಹೇಳಿ ನಕ್ಕರು. ನಗು ಅರ್ಧಕ್ಕೆ ನಿಂತಿತು. "ಅಲ್ಲ ಕಣೇ, ಊರಿಗೂರೇ ಒಂದು ವಯಸ್ಸನ್ನ ಬಚ್ಚಿಟ್ಕಂಡೈತೆ. ಬೀದಿನಾಗೆ ಹೋದ್ರೆ ಎಲ್ರೂ ಚಿಕ್ಕೋರು, ಇಲ್ಲಾ ಎಲ್ರೂ ಹಣ್ಣು ಮುದುಕೀರು. ನಡುವೆ ಯಾರೂ ಇಲ್ಲ."

ಅಕ್ಕ ಮಾತ್ರ ವಯಸ್ಸು ಬಚ್ಚಿಡಲಿಲ್ಲ. ಹತ್ತುವುದಿಲ್ಲ ಎಂದು ನೇರವಾಗಿ ಹೇಳಿದಳು. "ನಿನ್ನ ಗಾಡಿ ನಮ್ಮೂರ ಗಡಿ ಒಳಗಿರೋ ತಂಕ ನಾ ಹತ್ತಲ್ಲ ಕಣೋ. ಊರು ಅದನ್ನ ಮಾರಿ ಅಂದೈತೆ. ಮಾರಿ ಹೊರೋ ಮನೆಯೋಳು ನಾನೇ ಒಳೀಕ್ ಹೋಗಿ ಕೂತ್ಕಂಡ್ರೆ, ನಾಳೆ ಏನಾದ್ರೂ ಆದ್ರೆ ನಮ್ಮ ಕೇರಿನೇ ಸುಡ್ತಾರೆ."

ಮಾರಿ ಹೊರುವುದೆಂದರೆ ಹೀಗೆ. ಹಿಂದೆ ಸಿಡುಬೋ ಕಾಲರಾವೋ ಊರಿಗೆ ಬಂದರೆ ಅದನ್ನು ಬೈದು ಓಡಿಸುತ್ತಿರಲಿಲ್ಲ. ಮೊರದಲ್ಲಿ ಬೇವಿನಸೊಪ್ಪು, ಅರಿಸಿನದಕ್ಕಿ, ಹಳೆಯ ಪೊರಕೆ, ಬಳೆ, ಕಾಯಿ ಇಟ್ಟು, ಬಾರಮ್ಮ ತಾಯಿ ಎಂದು ಅದರೊಳಗೆ ಕರೆದು, ಒಬ್ಬಳ ತಲೆಯ ಮೇಲೆ ಹೊರಿಸಿ, ಗಡಿಕಲ್ಲಿನ ಹತ್ತಿರ ಇಳಿಸಿ ಬರುತ್ತಿದ್ದರು. ಹೊತ್ತವಳು ಮಾತಾಡಬಾರದು, ತಿರುಗಿ ನೋಡಬಾರದು. ಉಳಿದವರು ಬಾಗಿಲು ಹಾಕಿಕೊಳ್ಳಬೇಕು. ಗಡಿ ದಾಟಿದ ಮಾರಿ ಹಿಂದಕ್ಕೆ ಬರುವಂತಿಲ್ಲ. ಹೊರುವುದು ನಮ್ಮ ಕೇರಿಯವರ ಹಕ್ಕು. ಹಕ್ಕು ಎಂದು ಊರಿನವರು ಹೇಳುತ್ತಾರೆ. ಕಲ್ಲುಬಾವಿಯಲ್ಲಿ ಆ ಹಕ್ಕು ಅಕ್ಕನ ಮನೆಯದು.

ಈ ನಡುವೆ ಇನ್ನೊಂದು ನಡೆಯಿತು. ಅಮೃತಾಪುರದ ಕ್ಯಾಂಪಿನಲ್ಲಿ ಊಟದ ಹೊತ್ತಿಗೆ ಇವರು ವ್ಯಾನಿನ ಜೊತೆ ಬರುತ್ತಿದ್ದ ಡಾಕ್ಟರ್ ಹಂಸಾ ಅವರನ್ನು ಕೇಳಿಯೇಬಿಟ್ಟರಂತೆ, "ಮೇಡಂ, ನಮ್ಮ ಗಾಡಿ ಹೋದ ಕಡೆ ಯಾಕೆ ಜಾಸ್ತಿ ಆಗ್ತೈತೆ? ಅದೂ ಐವತ್ತಕ್ಕೇ ಯಾಕೆ?" ಆಕೆ ಬೈಯಲಿಲ್ಲ. ಕಂಪ್ಯೂಟರ್ ತೆಗೆದು, ಯಾವ ವಯಸ್ಸಿನಲ್ಲಿ ಎಷ್ಟು ಜನರಿಗೆ ಇದು ಸಿಗುತ್ತದೆ ಎನ್ನುವ ಒಂದು ಗೆರೆ ತೋರಿಸಿದರಂತೆ. ಹೊರದೇಶಗಳಲ್ಲಿ ಬಹಳ ವರ್ಷದಿಂದ ಹೀಗೆ ನೋಡುತ್ತಾರಂತೆ, ಅಲ್ಲಿನ ಗೆರೆ. ವಯಸ್ಸು ಏರಿದಂತೆ ಹೊಲದ ಬದುವಿನ ಹಾಗೆ ಸಣ್ಣಗೆ ಏರುತ್ತ ಬಂದದ್ದು ಐವತ್ತಕ್ಕೆ ಬಂದಕೂಡಲೇ ಗೋಡೆಯ ಹಾಗೆ ಎದ್ದು ನಿಂತಿತ್ತು. ನೋಡುವುದನ್ನು ನಿಲ್ಲಿಸುವ ಎಪ್ಪತ್ತರಲ್ಲಿ, ಕೆರೆ ಏರಿ ಒಡೆದಂತೆ ಕುಸಿದಿತ್ತು.

"ರೋಗಕ್ಕೆ ವಯಸ್ಸು ಗೊತ್ತಿಲ್ಲ ಬೀರಪ್ಪ. ನಾವು ಆ ವಯಸ್ಸಿನಲ್ಲಿ ನೋಡ್ತೀವಿ, ಅದಕ್ಕೇ ಅಲ್ಲಿ ಕಾಣುತ್ತೆ. ನಾಲ್ಕೈದು ವರ್ಷ ಬಿಟ್ಟು ಕಾಣಬೇಕಾದ್ದು ಈಗಲೇ ಸಿಗುತ್ತೆ. ಹಾಗಾಗಿ ಮುಂದೆ ಕಡಿಮೆ ಆಗುತ್ತೆ."

"ಏರಿದ್ದಷ್ಟೂ ಇಳೀತದಾ ಮೇಡಂ?"

"ಅಷ್ಟೂ ಇಳಿಯಲ್ಲ. ಕೆಲವು ಇರ್ತವೆ, ಯಾವತ್ತೂ ಹೊರಗೆ ಬರದೇ ಇರೋವು. ನಾವು ನೋಡದೇ ಇದ್ದಿದ್ರೆ ಆ ಹೆಂಗಸು ಬೇರೆ ಯಾವುದರಲ್ಲೋ, ಎಂಬತ್ತು ತೊಂಬತ್ತಕ್ಕೆ, ಇದು ಇತ್ತು ಅಂತಲೇ ಗೊತ್ತಿಲ್ಲದೆ ಹೋಗ್ತಿದ್ದಳು."

"ಅವು ಯಾವು?"

"ಗೊತ್ತಾಗಲ್ಲ. ಕೊಲ್ಲೋದೂ ಮಲಗಿರೋದೂ ನೋಡೋಕೆ ಒಂದೇ ಥರ. ಅದಕ್ಕೇ ಎಲ್ಲಕ್ಕೂ ಚಿಕಿತ್ಸೆ ಮಾಡ್ತೀವಿ. ಎಷ್ಟೋ ಜನ ಬದುಕ್ತಾರೆ, ಅದೂ ನಿಜ."

ಅವತ್ತು ಸಂಜೆ ನನಗೆ ಇದನ್ನು ಹೇಳುವಾಗ ಅವರ ದನಿ ಇಳಿದಿತ್ತು, ಒಳಗೆ ಮಗು ಮಲಗಿದ್ದರೆ ಮಾತಾಡುವ ಹಾಗೆ. ನಮಗೆ ಮಕ್ಕಳಿಲ್ಲ. "ನಾವು ಎದ್ದಿದ್ದನ್ನ ಹಿಡೀತೀವೋ, ಮಲಗಿದ್ದನ್ನ ಎಬ್ಬಿಸ್ತೀವೋ, ಅದು ಡಾಕ್ಟ್ರಿಗೂ ಗೊತ್ತಿಲ್ಲ ಕಣೇ." ಮನೆಗಳ ಎದುರು ನಿಲ್ಲುವುದು ಶುರುವಾದದ್ದು ಅದಾದ ಮೇಲೆ. ವ್ಯಾನು ಹತ್ತಿ, ಕೊಯ್ಯಿಸಿಕೊಂಡು ಬದುಕಿರುವವರ ಮನೆ ಅವು. ಬದುಕಿದ್ದಾಳೆ ಎಂದು ನೋಡುವುದು. ಬದುಕಿದ್ದಕ್ಕೆ ಕಾರಣ ವ್ಯಾನೋ, ವ್ಯಾನು ಬಾರದಿದ್ದರೂ ಹೀಗೇ ಕೋಳಿ ಅಟ್ಟುತ್ತಿದ್ದಳೋ ಎಂದು ಅವಳ ಮುಖದಲ್ಲಿ ಹುಡುಕುವುದು. ಯಾರು ಏನು ಕೇಳಿದರೂ "ಇರ್ಬೌದು" ಅನ್ನುವುದೂ ಆಗಲೇ ಬಂತು. ಮಳೆ ಬರುತ್ತಾ? ಇರ್ಬೌದು. ಸಾರಿಗೆ ಉಪ್ಪು ಕಮ್ಮಿಯಾ? ಇರ್ಬೌದು.

ಮೂರನೆಯ ಸಲ ಕಲ್ಲುಬಾವಿಗೆ ಹೋದದ್ದು ಒಂದು ಮಂಗಳವಾರ. ಅಕ್ಕನನ್ನು ನೋಡುವ ಆಸೆಗೆ ನಾನೂ ಮುಂದಿನ ಸೀಟಿನಲ್ಲಿ ಕುಳಿತು ಹೋಗಿದ್ದೆ. ಶಾಲೆಯ ಬಯಲಿನಲ್ಲಿ ನಿಲ್ಲಿಸಿದೆವು. ಹಾಕಿದ ಕುರ್ಚಿಗಳಲ್ಲಿ ಒಬ್ಬಳೂ ಕುಳಿತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಈರಭದ್ರಪ್ಪ ಒಗೆದ ಪಂಚೆ ಉಟ್ಟು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದ.

"ಬೀರಪ್ಪ, ಬಯ್ಯಾಕೆ ಬಂದಿಲ್ಲ ಕಣಪ್ಪ. ಮರ್ಯಾದೆಯಿಂದ ಕಳಿಸ್ಕೊಡ್ತೀವಿ."

ಡಾಕ್ಟರು ಕಿಟಕಿಯಿಂದ ತಲೆ ಹಾಕಿ, "ಏನಂತೆ?" ಎಂದರು.

"ನಮ್ಮನ್ನ ಗಡಿ ದಾಟಿಸ್ತಾರಂತೆ ಮೇಡಂ."

ಆಕೆಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕಲ್ಲು ಹೊಡೆದಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಕಾಯಿ ಕೊಟ್ಟು ಕೈ ಮುಗಿದವನ ಮೇಲೆ ಯಾವ ದೂರು ಕೊಡುವುದು?

ಅಷ್ಟರಲ್ಲಿ ಅಕ್ಕ ಬಂದಳು. ಹಣೆ ತುಂಬ ಅರಿಸಿನ, ತಲೆಯ ಮೇಲೆ ಮೊರ. ತಮ್ಮನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ವ್ಯಾನನ್ನು ಒಂದು ಸುತ್ತು ಬಂದು, ಬೇವಿನ ಎಸಳಿನಿಂದ ಅದರ ತಣ್ಣನೆಯ ಮೈಯನ್ನು ಸವರಿ, ಮುಂದೆ ನಡೆದಳು. ಇವರು ಗೇರು ಹಾಕಿ ಅವಳ ನಡಿಗೆಯಷ್ಟೇ ನಿಧಾನಕ್ಕೆ ಹಿಂದೆ ಬಿಟ್ಟರು.

ನಡುಮಧ್ಯಾಹ್ನದಲ್ಲಿ ಅಂಥ ಮೌನವನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಎರಡೂ ಕಡೆಯ ಬಾಗಿಲು ಮುಚ್ಚಿದ್ದವು. ಚಪ್ಪರದ ಕೆಳಗೆ ಈರುಳ್ಳಿ ರಾಶಿಯ ಮುಂದೆ ಬಾಲ ಕೊಯ್ಯುತ್ತಿದ್ದ ಹೆಂಗಸರು ಈಳಿಗೆಮಣೆಗಳನ್ನು ಹಾಗೇ ಬಿಟ್ಟು ಎದ್ದು ಹೋಗಿದ್ದರು, ಎದ್ದ ಅಲಗುಗಳು ಸಾಲಾಗಿ ಬಿಸಿಲಿಗೆ ಹೊಳೆಯುತ್ತಿದ್ದವು. ಬೀದಿ ನಲ್ಲಿಯಲ್ಲಿ ಕೊಡ ತುಂಬಿ ನೀರು ಹರಿಯುತ್ತಲೇ ಇತ್ತು, ನಿಲ್ಲಿಸುವವರಿಲ್ಲ. ಮುಚ್ಚಿದ ಕಿಟಕಿಗಳ ಸಂದಿನಲ್ಲಿ ಕಣ್ಣು ಇದ್ದವು, ಇರಲೇಬೇಕು, ನಾನು ಕಾಣಲಿಲ್ಲ. ತೀರ್ಥಮ್ಮ ಎನ್ನುವವಳು, ಅಕ್ಕನ ಓರಗೆಯವಳು, ನಮ್ಮನ್ನು ಕಂಡು ಬಾಗಿಲು ಎಳೆದುಕೊಂಡಳು. ಅವಳ ಬಳೆಯ ಸದ್ದು ಮಾತ್ರ ಕೇಳಿತು. ಪಕ್ಕದಲ್ಲಿ ಇವರು ಸ್ಟೀರಿಂಗ್ ಹಿಡಿದು, ಮುಂದೆ ಹೋಗುತ್ತಿದ್ದ ಆ ಬರಿಗಾಲಿನ ಹೆಜ್ಜೆಗಳನ್ನೇ ನೋಡುತ್ತಿದ್ದರು. ಚಕ್ರ ಆ ಹೆಜ್ಜೆಗಳ ಮೇಲೇ ಉರುಳುವಂತೆ ಓಡಿಸುತ್ತಿದ್ದರು.

ಗಡಿಕಲ್ಲಿನ ಹತ್ತಿರ ಒಂದು ಹುಣಸೇಮರ. ಅದರ ಕೆಳಗೆ ಅಕ್ಕ ಮೊರ ಇಳಿಸಿದಳು. ಕಾಯಿ ಒಡೆದಳು. ಇನ್ನು ಅವಳು ತಿರುಗಿ ನೋಡದೆ ಹೊಲದ ದಾರಿಯಲ್ಲಿ ಮನೆಗೆ ಹೋಗಬೇಕು. ಹೋಗಲಿಲ್ಲ. ವ್ಯಾನು ಕಲ್ಲು ದಾಟುವ ತನಕ ನಿಂತಿದ್ದು, ತಾನೂ ದಾಟಿ ಬಂದು, ಸೆರಗಿನಿಂದ ಹಣೆಯ ಅರಿಸಿನ ಒರೆಸಿಕೊಂಡಳು.

"ಇಳಿಸಾಯ್ತು. ಮಾರವ್ವ ಮೊರದಾಗವ್ಳೆ. ಈಗಿದು ಬರೀ ಗಾಡಿ. ತೆಗಿಯೋ ಬಾಗ್ಲು."

ನಾನು ಇವರ ಮುಖ ನೋಡಿದೆ. ಮೂರು ಸಲ ಬಂದು, ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿ, ಯಾವ ಮಾತಿಗೆ ಕಾದಿದ್ದರೋ ಆ ಮಾತು ಅದು. ಇಳಿದು ಹಿಂದಿನ ಬಾಗಿಲಿಗೆ ಹೋದರು, ಹಿಡಿಯ ಮೇಲೆ ಕೈ ಇಟ್ಟರು. ತೆಗೆಯಲಿಲ್ಲ.

"ಅಕ್ಕ, ಬೇಕೇನೇ?"

"ಏನಂದೆ?"

"ಇದ್ರೂ ಇರ್ಬೌದು. ಇದ್ರೂ ಅದು ಮಲಗೇ ಇರ್ಬೌದು. ನೋಡಿದ್ಮೇಲೆ ನೋಡ್ಲಿಲ್ಲ ಅನ್ನಾಕಾಗಲ್ಲ."

"ಲೇ, ಹತ್ತು ಹತ್ತು ಅಂತ ಪ್ರಾಣ ತಿಂದೋನು ಈಗ ಬಾಗ್ಲಿಗೆ ಅಡ್ಡ ನಿಂತ್ಕಂಡಿದ್ದೀಯಲ್ಲೋ! ಅವ್ವನ ವಾಸ್ನೆ ನಿನ್ನ ಮೂಗಿಗೆ ಮಾತ್ರ ಬಡಿದಿತ್ತಾ? ನಾನು ಕೈಯಾಗೆ ಬಳಿದೋಳು ಕಣೋ. ತೆಗಿ."

ತೆಗೆದರು. ಆಮೇಲೆ ತಮ್ಮ ಸೀಟಿಗೆ ಬಂದು ಕುಳಿತರು. ಗೋಡೆಯ ಆಚೆಯಿಂದ ತ್ರಿವೇಣಿಯ ದನಿ ಬಂತು, ಉಸಿರು ಹಿಡ್ಕಳಿ ಅಂತ. ಹುಣಸೇಮರದ ಕೆಳಗೆ ಒಂದು ಕಾಗೆ ಮೊರದ ಅಕ್ಕಿ ಕೆದಕುತ್ತಿತ್ತು.

ಅಕ್ಕನಿಗೆ ಇತ್ತು. ಗಂಟಲ್ಲ, ಕೈಗೆ ಸಿಗುವಂಥದ್ದಲ್ಲ. ಕಪ್ಪು ಫೋಟೋದಲ್ಲಿ ರವೆ ಚೆಲ್ಲಿದ ಹಾಗೆ ಬಿಳಿಯ ಚುಕ್ಕೆಗಳು. ಮುಂದಿನ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರ್ ಹಂಸಾ ಇವರನ್ನು ಕೂರಿಸಿಕೊಂಡು ಹೇಳಿದರು: ಅದು ಇನ್ನೂ ಹಾಲಿನ ನಾಳದ ಒಳಗೇ ಇದೆ, ಹೊರಗೆ ಕಾಲಿಟ್ಟಿಲ್ಲ, ಆದರೆ ಹರಡಿಕೊಂಡಿದೆ, ಆ ಕಡೆಯದನ್ನು ಪೂರ್ತಿ ತೆಗೆಯಬೇಕು.

"ಬಿಟ್ರೆ ಹೊರಗೆ ಬರ್ತದಾ ಮೇಡಂ?"

"ಬರಬಹುದು. ಬರದೆಯೂ ಇರಬಹುದು."

ಶಿವಮೊಗ್ಗದಲ್ಲಿ ತೆಗೆದರು. ಅಕ್ಕ ಪಟ್ಟಿ ಬಿಚ್ಚಿದ ದಿನ ಕೆಳಗೆ ನೋಡಿಕೊಂಡು, "ಒಂದು ಹೊಲ ಬೀಳು ಬಿಟ್ಟಂಗೈತೆ" ಎಂದಳು. ನಾನು ಅತ್ತೆ. ಅವಳು ಅಳಲಿಲ್ಲ. ಆ ಕಡೆಯ ಕೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಊನವಾದ ಮೈಯವಳು ಮಾರಿ ಹೊರಬಾರದು ಎಂದು ಈರಭದ್ರಪ್ಪ ಹೇಳಿಕಳಿಸಿದ. "ಒಳ್ಳೇದಾಯ್ತು ಬಿಡು, ಊರಿನ ರೋಗ ಇನ್ಮೇಲೆ ಊರೇ ಹೊರ್ಲಿ" ಎಂದು ಅವಳೂ ಹೇಳಿಕಳಿಸಿದಳು.

ಕಲ್ಲುಬಾವಿಗೆ ವ್ಯಾನು ಮತ್ತೆ ಹೋಗಲಿಲ್ಲ. ಊರಿನಲ್ಲಿ ಆಮೇಲೆ ಯಾರಿಗೂ ಬರಲಿಲ್ಲ. ಇದನ್ನು ಬರೆಯುವಾಗ ನನ್ನ ಕೈಯೂ ತಣ್ಣಗಾಗುತ್ತದೆ, ಆದರೆ ನಿಜ. ಒಂದು ವರ್ಷ, ಎರಡು ವರ್ಷ, ಐವತ್ತರ ಹೆಂಗಸರು ಈರುಳ್ಳಿ ಕೊಯ್ದುಕೊಂಡು ಚೆನ್ನಾಗಿದ್ದರು. ಅಜ್ಜಂಪುರದ ಸಂತೆಯಲ್ಲಿ ಈರಭದ್ರಪ್ಪ ಇವರ ಹೆಗಲ ಮೇಲೆ ಕೈ ಹಾಕಿ, "ನೋಡಿದ್ಯೇನೋ, ಹೋಯ್ತು" ಎಂದ. ಕಾಣದ್ದು ಇಲ್ಲದ್ದಲ್ಲ ಎಂದು ಡಾಕ್ಟರು ಹೇಳುತ್ತಿದ್ದರು. ಆದರೆ ಲೆಕ್ಕ ಊರಿನ ಕಡೆಗೇ ಇತ್ತು. ಇವರು, "ಇರ್ಬೌದು" ಅಂದರು.

ನಾಲ್ಕನೆಯ ವರ್ಷ ತೀರ್ಥಮ್ಮನಿಗೆ ಹುಣ್ಣಾಯಿತು. ಅವತ್ತು ಬಾಗಿಲು ಎಳೆದುಕೊಂಡಿದ್ದಳಲ್ಲ, ಅವಳಿಗೆ. ಊರು ಅದನ್ನು ಹುಣ್ಣು ಎಂದೇ ಕರೆಯಿತು. ಇವರು ಹೋಗಿ ಅವಳ ಮನೆಯ ಎದುರು ನಿಂತರು. ನಾನು ಜೊತೆಗಿದ್ದೆ. ಎಷ್ಟೋ ಹೊತ್ತಿನ ಮೇಲೆ ಅವಳು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಯಾಕೋ ಬೀರ, ಅಲ್ಲೇ ನಿಂತೆ? ಅವತ್ತು ಬಾಗ್ಲು ಹಾಕ್ಕಂಡೆ ಅಂತ ಸಿಟ್ಟೇನೋ?"

ಅಂಥ ಮನೆಗಳಲ್ಲಿ ಅವರು ಒಳಗೆ ಹೋದದ್ದು ಅದೊಂದಕ್ಕೇ. ಒಳಗೆ ಬೇವಿನ ಸೊಪ್ಪಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಹೊಸ್ತಿಲ ಮೇಲೆ ಕುಳಿತರು. ಅವಳು ಈರುಳ್ಳಿಯ ರೇಟು ಕೇಳಿದಳು, ಇವರು ಹೇಳಿದರು. ಬರುವಾಗ ದಾರಿಯಲ್ಲಿ, "ಅಕ್ಕನ್ನ ಹತ್ತಿಸ್ದೆ, ಇವಳನ್ನ ಹತ್ತಿಸ್ಲಿಲ್ಲ" ಎಂದರು. ಯಾವುದು ತಪ್ಪು ಎಂದು ಹೇಳಲಿಲ್ಲ. ತೀರ್ಥಮ್ಮ ಶ್ರಾವಣ ಕಾಣಲಿಲ್ಲ.

ಇವರ ತಿಥಿಗೆ ಕಲ್ಲುಬಾವಿಯಿಂದ ಬಹಳ ಜನ ಬಂದಿದ್ದರು. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತ ಈರಭದ್ರಪ್ಪ ಯಾರಿಗೋ ಹೇಳುತ್ತಿದ್ದ, "ಎಷ್ಟು ವರ್ಷ ಹೊತ್ಕಂಡು ತಿರುಗಿದ ನೋಡು. ಮಾರಿ ಹೊತ್ತೋರನ್ನ ಮಾರಿ ಬಿಡಾಕಿಲ್ಲ."

ಅಕ್ಕ ಎಲೆ ಎತ್ತುತ್ತಿದ್ದವಳು ಒಂದೇ ಕೈಯಲ್ಲಿ ಸೆರಗು ಸರಿಮಾಡಿಕೊಂಡು ಅವನ ಮುಂದೆ ಹೋಗಿ ನಿಂತಳು. "ಯಜಮಾನ್ರೇ, ಅವನು ಗಾಡಿ ಓಡಿಸ್ದೋನು. ಹೊತ್ತೋಳು ನಾನು. ಇದೀನಲ್ಲ, ನೋಡ್ಕಳಿ."

ಅವನು ಅಡಿಕೆ ಉಗಿಯುವ ನೆಪದಲ್ಲಿ ಎದ್ದು ಹೋದ. ಅಕ್ಕ ಗೆದ್ದಳು. ನಾನು ಮಾತ್ರ, ಇವರು ಹುಡುಕುತ್ತಿದ್ದ ಹಾಗೆಯೇ, ಅವಳ ಮುಖದಲ್ಲಿ ಹುಡುಕಿದೆ. ಇದ್ದಾಳೆ, ಹೌದು. ಯಾಕೆ ಇದ್ದಾಳೆ ಎಂದು ಅವಳಿಗೂ ಗೊತ್ತಿಲ್ಲ.

ಮಾರಿಯನ್ನು ನಂಬಿದವರಿಗೆ ನಿದ್ದೆ ಬರುತ್ತದೆ, ಗಡಿ ದಾಟಿಸಿ ಬಂದು ಮಲಗುತ್ತಾರೆ. ಲೆಕ್ಕವನ್ನು ನಂಬಿದವರಿಗೂ ಬರುತ್ತದೆ. ನೂರರಲ್ಲಿ ಇಷ್ಟು ಉಳಿದರು ಎಂದರೆ ಅವರಿಗೆ ಸಾಕು, ಆ ನೂರರಲ್ಲಿ ಅವರ ಅಕ್ಕ ಇರುವುದಿಲ್ಲ. ಇವೆರಡರ ನಡುವೆ ಒಂದು ಬಗೆಯ ಜನ ಇದ್ದಾರೆ. ಒಳ್ಳೆಯದೋ ಕೆಟ್ಟದ್ದೋ ತಿಳಿಯದು ಎಂದು ತಿಳಿದೂ ಬಾಗಿಲು ತೆಗೆಯುವವರು ಅವರು. ತೆಗೆದ ಮೇಲೆ, ನಾನು ಬರೀ ಡ್ರೈವರು ಎಂದು ಕೈ ತೊಳೆದುಕೊಳ್ಳಲಾರದವರು. ಅವರಿಗೆ ಯಾರೂ ಶಾಪ ಹಾಕಬೇಕಾಗಿಲ್ಲ, ಹರಸಬೇಕಾಗಿಯೂ ಇಲ್ಲ. ಅವರು ಹೋಗುವಾಗ ತಮ್ಮ ಪ್ರಶ್ನೆಯನ್ನು ಜೊತೆಗೆ ಒಯ್ಯಲಾರರು. ಅದು ಬದುಕಿ ಉಳಿದವರ ಮೈಯಲ್ಲಿ ಇರುತ್ತದೆ, ಅವರ ಜೊತೆ ಕೂತು ಉಣ್ಣುತ್ತದೆ, ಅವರ ಬಾಯಲ್ಲಿ ನಗುತ್ತದೆ.